ದೊಡ್ಡ ಪ್ಲೇಟಿನ ಗಾಯಕ

ನಾಸೀರನನ್ನು ಹುಬ್ಬಳ್ಳಿಯ ಡಾಕ್ಟರು ಮನೆಗೆ ಕಳಿಸಿಬಿಟ್ಟಿದ್ದರು. ಇನ್ನು ಮಾಡುವುದೇನೂ ಉಳಿದಿಲ್ಲ ಎಂಬುದು ಮನೆಯವರಿಗೆಲ್ಲ ಗೊತ್ತಿತ್ತು. ಹಂಸಭಾವಿಯಿಂದ ನೋಡಲು ಬಂದ ಹಳೆಯ ಗೆಳೆಯ ಹುಲಗೇಶನ ಕೈ ಹಿಡಿದು ಅವನು ಕೇಳಿದ್ದು ಒಂದೇ: "ಆ ಹಾಡ ಒಮ್ಮೆ ಕೇಳಸೋ ದೋಸ್ತ." ಯಾವ ಹಾಡು ಎಂದು ಹುಲಗೇಶ ಕೇಳಲಿಲ್ಲ.

ಇಬ್ಬರೂ ಸವಣೂರಿನಲ್ಲಿ ಪಿಯುಸಿ ಓದುತ್ತಿದ್ದಾಗ (ಓದಿದ್ದು ಅಷ್ಟಕ್ಕಷ್ಟೇ ಬಿಡಿ) ನಾಸೀರನ ಮಾವ ಅಸದ ಮಸ್ಕತ್‌ನಿಂದ ಟ್ರಂಕಿನ ತುಂಬ ಪರದೇಶದ ರೆಕಾರ್ಡು ಪ್ಲೇಟು ತಂದಿದ್ದ. ಅಲ್ಲಿಯ ಯಾರೋ ಸಾಹೇಬ ಊರು ಬಿಡುವಾಗ ಕೊಟ್ಟಿದ್ದಂತೆ. ಅವನ್ನು ಹಚ್ಚುವ ಯಂತ್ರ ಇದ್ದದ್ದು ಉಸ್ಮಾನಸಾಬನ ಮೈಕ್ ಸೆಟ್ ಅಂಗಡಿಯಲ್ಲಿ. ಮದುವೆಗಳಿಲ್ಲದ ಆಷಾಢದ ಮಧ್ಯಾಹ್ನಗಳಲ್ಲಿ ಹುಡುಗರು ಅಲ್ಲೇ ಠಿಕಾಣಿ ಹೂಡಿದರು. ಯಾರೂ ಹೆಸರು ಕೇಳದ ಬ್ಯಾಂಡುಗಳು, ಕಿರುಚುವ ಗಿಟಾರು, ತಲೆಬುಡ ತಿಳಿಯದ ಇಂಗ್ಲಿಷು. ಸಿನಿಮಾ ಹಾಡಿನಾಚೆಗೂ ಹಾಡು ಇದೆಯೆಂದು ಗೊತ್ತಾದ ಆ ದಿನಗಳಲ್ಲಿ ಇಬ್ಬರಿಗೂ ಹಸಿವೆ ನಿದ್ದೆಗಳ ಖಬರಿರಲಿಲ್ಲ. "ಇದೇನ ಹಾಡೋ, ಎಮ್ಮಿ ಈಯಾಕತ್ತಂಗೈತಿ," ಎಂದು ಉಸ್ಮಾನಸಾಬ ಬೈಯುತ್ತಲೇ ಹಚ್ಚಿಕೊಡುತ್ತಿದ್ದ.

ಅದರಲ್ಲೊಂದು ದೊಡ್ಡ ಪ್ಲೇಟಿಗೆ ಒಂದು ಬದಿಗೆ ಒಂದೇ ಹಾಡು. ಗಂಡಸೊಬ್ಬ ಎದೆಯ ತಳದಿಂದ, ನಿಧಾನವಾಗಿ, ನರಳುತ್ತ ಹಾಡುತ್ತಿದ್ದ. ಆ ವರ್ಷವೇ ನಾಸೀರನ ತಾಯಿ ತೀರಿಕೊಂಡಿದ್ದಳು. ಮಣ್ಣಿನಲ್ಲಿ ಇಡುವಾಗಲೂ ಅಳದವನು ಆ ಅಂಗಡಿಯಲ್ಲಿ ಕೂತು ಮನಸಾರೆ ಅತ್ತ. "ಇಂವಗೂ ತಾಯಿ ಇಲ್ಲ ನೋಡ ಹುಲಗ್ಯಾ," ಎಂದ. ಮುಂದೆ ಮದುವೆ, ಮಕ್ಕಳು, ಎಲೆತೋಟದ ರಗಳೆ ಏನೇ ಇರಲಿ, ಇಬ್ಬರೂ ಸಿಕ್ಕಾಗ ಬೀಗರ ಸುದ್ದಿ ಬಂದಂತೆ ಆ ಗಾಯಕನ ಸುದ್ದಿ ಬರುತ್ತಿತ್ತು. ಪ್ಲೇಟು ಮಾತ್ರ ಯಾವ ಕಾಲಕ್ಕೋ ಒಡೆದುಹೋಗಿತ್ತು.

ಬ್ಯಾಂಡಿನ ಹೆಸರು ಹುಲಗೇಶನಿಗೆ ಬಾಯಿಪಾಠ. ಮನೆಗೆ ಬಂದು ಮಗಳು ಸಂಘಮಿತ್ರಾಳಿಗೆ ಹೇಳಿದ. ಅವಳು ಮೊಬೈಲಿನಲ್ಲಿ ಹುಡುಕಿ ಹಚ್ಚಿದಳು. ಎಳೆಯ ಹುಡುಗಿಯೊಬ್ಬಳು ಕುಣಿಯುವ ತಾಳಕ್ಕೆ ನಗುನಗುತ್ತ ಹಾಡತೊಡಗಿದಳು.

"ಇದಲ್ಲ ಯವ್ವಾ."

"ಇದ ಐತಪಾ. ಪ್ಲೇಟಿನ ಫೋಟೋ ನೋಡ ಇಲ್ಲೆ. ನಲವತ್ತೈದು ಅಂತ ಬರದಾರ."

ಅದೇ ಪ್ಲೇಟು. ಹುಲಗೇಶನಿಗೆ ಮೈಕ್ ಸೆಟ್ಟಿನವರ ರೂಢಿ ನೆನಪಾಯಿತು. ಸಣ್ಣ ಪ್ಲೇಟಿಗೆ ನಿಮಿಷಕ್ಕೆ ನಲವತ್ತೈದು ಸುತ್ತಿನ ವೇಗ, ದೊಡ್ಡದಕ್ಕೆ ನಿಧಾನದ ಮೂವತ್ತಮೂರು. ಅವರ ಕೈಗೆ ಬರುತ್ತಿದ್ದ ಪ್ಲೇಟುಗಳೆಲ್ಲ ಹಾಗೇ ಇದ್ದವು, ವೇಗ ನೋಡಲೆಂದು ಯಾರೂ ಲೇಬಲ್ ಓದುತ್ತಿರಲಿಲ್ಲ. ಇದು ದೊಡ್ಡದಾಗಿದ್ದೂ ವೇಗದ ಪ್ಲೇಟು. ಉಸ್ಮಾನಸಾಬ ನಿಧಾನಕ್ಕೆ ತಿರುಗಿಸಿದ್ದ, ಹುಡುಗಿ ಗಂಡಸಾಗಿಬಿಟ್ಟಿದ್ದಳು.

ಸಂಘಮಿತ್ರಾ ಹಾಡನ್ನು ಅಷ್ಟೇ ನಿಧಾನ ಮಾಡಿದಳು. ಅದೇ ದನಿ ಬಂತು. "ಹಂಗಾದ್ರ ಈ ಮನಷ್ಯಾ ಹುಟ್ಟೇ ಇಲ್ಲಲ್ಲಪಾ," ಎಂದು ನಕ್ಕವಳು ಅಪ್ಪನ ಮುಖ ನೋಡಿ ಹಾಡನ್ನು ಮತ್ತೆ ಮೊದಲಿನಿಂದ ಹಚ್ಚಿದಳು.

ಮರುದಿನ ಹುಲಗೇಶ ಆ ನಿಧಾನದ ಹಾಡನ್ನೇ ಹಚ್ಚಿ ನಾಸೀರನ ಕಿವಿಯ ಹತ್ತಿರ ಮೊಬೈಲು ಹಿಡಿದು ಕೂತ. ನಾಸೀರ ಕಣ್ಣು ಮುಚ್ಚಿ ಕೊನೆಯವರೆಗೂ ಕೇಳಿದ. ಕೆನ್ನೆ ಒದ್ದೆಯಾಗಿತ್ತು.

"ಇನ್ನೂ ಅದಾನೇನೋ? ನಮ್ಮಕಿಂತ ದೊಡ್ಡಾಂವ. ಹೋಗಿರಬೇಕ."

ಖರೇ ಹೇಳಿಬಿಡಲೇ ಎಂದು ಹುಲಗೇಶನಿಗೆ ಒಂದು ಗಳಿಗೆ ಅನ್ನಿಸಿತು. ಈ ಗೆಳೆಯನಿಗೆ ಅವನು ಎಂದೂ ಸುಳ್ಳು ಹೇಳಿದವನಲ್ಲ.

"ಅದಾನ," ಎಂದ. "ಮಗಳು ನೋಡ್ಯಾಳ. ವಯಸ್ಸಾಗೈತಿ, ಆದ್ರೂ ಹಾಡ್ತಾನಂತ."

"ಹಂಗಾದ್ರ ಛಲೋ ಆತು. ನಾ ಮೊದಲ ಹೋಗ್ತೇನಿ. ಅಂವನ ಸುದ್ದಿ ನೀ ತಿಳಕೋತಾ ಇರು."

"ತಿಳಕೋತೇನಿ."

ಹೊರಗೆ ಬಂದು ಚಪ್ಪಲಿ ಮೆಟ್ಟುವಾಗ ಹುಲಗೇಶನಿಗೆ ದುಃಖ ಒತ್ತರಿಸಿ ಬಂತು, ಕಟ್ಟೆಯ ಮೇಲೆ ಕೂತುಬಿಟ್ಟ. ನಾಸೀರ ಹೋದ ಮೇಲೆ ಆ ಗಾಯಕನನ್ನು ಬಲ್ಲವನು ಈ ಲೋಕದಲ್ಲಿ ತಾನೊಬ್ಬನೇ.