ಕಾಲುವೆಯಾಚೆಯ ಹನ್ನೆರಡನೇ ಗುಂಡಿ

ಮೇಸ್ತ್ರಿ ಅರ್ಧ ತೋಡಿದ ಗುಂಡಿಯೊಳಕ್ಕೆ ಧುಮುಕಿ, ಹಸಿ ಮಣ್ಣಿನ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತುಬಿಟ್ಟ.

"ತೋಡು. ನನ್ನ ಮೇಲೇ ಹಾಕು ಗುದ್ದಲಿ. ನಾನಂತೂ ಏಳಲ್ಲ."

ಗುಂಡಿ ತೋಡುವವನು ಗುದ್ದಲಿ ಊರಿ ನಿಂತು ಕತ್ತಿನ ಬೆವರು ಒರೆಸಿಕೊಂಡ. ಬೆಳಗಿನಿಂದ ಸೊಂಟದ ಆಳಕ್ಕೆ ತಂದಿದ್ದ. "ಮೇಸ್ತ್ರೀ, ಈ ಪಾಪದವನ ಮೇಲೆ ಯಾಕೆ ಕೋಪ? ಹನ್ನೊಂದನೇದು ನಿಮ್ಮಮ್ಮಂದು. ಆಮೇಲೆ ನಾಲ್ಕು ತಿಂಗಳಿಂದ ಊರಲ್ಲಿ ಯಾರೂ ಸತ್ತಿಲ್ಲ. ಈಗ ಸತ್ತವರಿಗೆ ಹನ್ನೆರಡನೇದು. ಆರಿಸಿಕೊಳ್ಳೋ ಹಾಗಿಲ್ಲ, ನಿಯಮ."

"ಯಾರು ಮಾಡಿದ ನಿಯಮ ಅದು?"

"ತಕರಾರಪ್ಪ."

"ಈ ಗುಂಡಿ ಯಾರಿಗೆ?"

ಗುಂಡಿ ತೋಡುವವನಿಗೆ ನಗು ತಡೆಯಲಾಗಲಿಲ್ಲ. "ತಕರಾರಪ್ಪಂಗೇ."

"ನಗ್ತೀಯಾ? ನಗು. ನಮ್ಮಮ್ಮ ಬದುಕಿದ್ದಾಗ ಅವನು ಬೀದಿ ತಿರುಗಿದ ಅಂದ್ರೆ ಬಾಗಿಲು ಹಾಕ್ಕೊಳ್ತಿದ್ದಳು. ಈಗ ಹಾಕ್ಕೊಳ್ಳೋಕೆ ಬಾಗಿಲೂ ಇಲ್ಲ ಅವಳಿಗೆ. ಹೋಗಿ ಅಧ್ಯಕ್ಷರನ್ನ ಕರೆದುಕೊಂಡು ಬಾ."

ಮೂವತ್ತೊಂದು ವರ್ಷ ಪಂಚಾಯಿತಿ ಕಾರ್ಯದರ್ಶಿಯಾಗಿದ್ದವನಿಗೆ ಊರು ಇಟ್ಟ ಹೆಸರು ತಕರಾರಪ್ಪ. ಹೆತ್ತವರು ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಯಾರೇ ಮನೆ ಕಟ್ಟಲಿ, ಮಾಳಿಗೆ ಏರಿಸಲಿ, ಜಗಲಿಯನ್ನು ಒಂದು ಮೊಳ ಬೀದಿಗೆ ತಳ್ಳಲಿ, ನಕ್ಷೆ ಆತನ ಮೇಜಿಗೆ ಬರಬೇಕು. ಪಂಚಾಯಿತಿ ಬಾಗಿಲ ಮೇಲೆ ಏಳು ದಿನ ಅಂಟಿರಬೇಕು. ಅಷ್ಟರೊಳಗೆ ಯಾರಾದರೂ ಬರೆದುಕೊಟ್ಟ ತಕರಾರು ಇದ್ದರೆ ಕೆಲಸ ನಿಲ್ಲಬೇಕು. ಯಾರೂ ಕೊಡದಿದ್ದರೆ ಆತನೇ ಏನಾದರೂ ಹುಡುಕುತ್ತಿದ್ದ. ಚರಂಡಿ ಮುಚ್ಚುತ್ತದೆ ಎನ್ನುತ್ತಿದ್ದ, ಪಕ್ಕದ ಮನೆಗೆ ಬಿಸಿಲು ತಪ್ಪುತ್ತದೆ ಎನ್ನುತ್ತಿದ್ದ. ಮೊನ್ನೆ ಸಂಜೆ ಎದೆ ಹಿಡಿದುಕೊಂಡು ಕುಸಿದಾಗಲೂ ಕೈಯಲ್ಲಿ ಯಾರದೋ ಹೊಸ ಕಕ್ಕಸುಮನೆಯ ನಕ್ಷೆ ಇತ್ತು. ಅದರ ಯಜಮಾನ ಸುದ್ದಿ ಕೇಳಿ ಮೊದಲು ಕೇಳಿದ್ದು, "ರುಜು ಹಾಕಿದ್ರಾ?"

ಹಾಕಿರಲಿಲ್ಲ.

*

ತಕರಾರಪ್ಪನ ಮನೆಯ ಮುಂದಿನ ಕೋಣೆಯಲ್ಲಿ ಶವದ ಪೆಟ್ಟಿಗೆ ಇತ್ತು. ಸುತ್ತ ಇಟ್ಟ ಕುರ್ಚಿಗಳು ಬಹುಪಾಲು ಖಾಲಿ. ಪಕ್ಕದ ಪಟ್ಟಣದಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದ ಮಗಳು ಹಿಂದಿನ ರಾತ್ರಿಯೇ ಬಂದು, ಬರುವವರಿಗೆಂದು ಕುರ್ಚಿ ತರಿಸಿದ್ದಳು. ಬಂದವರು ಬಾಗಿಲಲ್ಲೇ ನಿಂತು, ಇಣುಕಿ, ಹೋಗಿದ್ದರು. ಸತ್ತದ್ದು ನಿಜವೇ ಎಂದು ಖಾತ್ರಿ ಮಾಡಿಕೊಳ್ಳಲು ಬಂದಂತಿತ್ತು.

"ಒಡಹುಟ್ಟಿದ ಅಣ್ಣ, ಆದ್ರೂ ಹೇಳ್ತೀನಿ," ಎಂದಳು ಅತ್ತೆ, ಪೆಟ್ಟಿಗೆಯ ಪಕ್ಕದಲ್ಲೇ ಕುಳಿತು. "ನನ್ನ ಮಾಳಿಗೆಗೆ ಒಂದು ಕಿಟಕಿ ಬಿಡಲಿಲ್ಲ ಮಹಾರಾಯ. ಪಕ್ಕದ ಮನೆಯವರ ಬಚ್ಚಲು ಕಾಣುತ್ತಂತೆ. ಅವರ ಬಚ್ಚಲು ನೋಡ್ಕೊಂಡು ನಾನೇನು ಮಾಡ್ಲೇ? ಹನ್ನೆರಡು ವರ್ಷದಿಂದ ಹಗಲಲ್ಲೂ ದೀಪ ಹಾಕ್ಕೊಂಡು ಕೂತಿದೀನಿ."

"ಇವತ್ತೊಂದು ದಿನ ಸುಮ್ನಿರಿ ಅತ್ತೆ."

"ಸುಮ್ನೇ ಇದೀನಲ್ಲ. ಬಾಯಿ ಬಿಟ್ರೆ ಇನ್ನೂ ಇದೆ."

ಅಧ್ಯಕ್ಷರು ಒಳಗೆ ಬಂದವರೇ ಪೆಟ್ಟಿಗೆಯ ಕಡೆ ನೋಡದೆ ಮಗಳ ಎದುರು ಕುಳಿತರು. ಮೇಸ್ತ್ರಿ ಗುಂಡಿಯಲ್ಲಿ ಕೂತ ಕತೆ ಹೇಳಿದರು. "ಅವನು ಏಳೋ ಪೈಕಿ ಅಲ್ಲ. ಒಂದು ದಾರಿ ಇದೆ ನೋಡಮ್ಮಾ. ನಿಮ್ಮಮ್ಮ ಇರೋದು ಕಾಲುವೆ ಈಚೆ, ಸ್ಮಶಾನದ ಹಳೇ ಸಾಲಲ್ಲಿ, ಬಾವಿ ಕಡೆ. ಪಕ್ಕದಲ್ಲಿ ಜಾಗ ಖಾಲಿ ಇದೆ. ಅಲ್ಲೇ ಹಾಕೋಣ."

ಮಗಳು ಕುರ್ಚಿಯ ಅಂಚಿಗೆ ಸರಿದಳು. ರಾತ್ರಿಯಿಡೀ ಇದನ್ನೇ ಹೇಗೆ ಕೇಳುವುದೆಂದು ಹೊರಳಾಡಿದ್ದಳು. "ಹಳೇ ಸಾಲು ಮುಚ್ಚಿದೆಯಲ್ಲ. ಅಪ್ಪನೇ ಮುಚ್ಚಿಸಿದ್ದು."

"ವಿನಾಯಿತಿ ಕೊಟ್ರಾಯ್ತು. ತುರ್ತು ವಿಷಯಕ್ಕೆ ಏಳು ದಿನ ಬೇಕಾಗಿಲ್ಲ, ಒಂದೇ ಗಂಟೆ. ಬಾಗಿಲಿಗೆ ಕಾಗದ ಅಂಟಿಸ್ತೀವಿ. ಗಂಟೆಯೊಳಗೆ ಬರೆದುಕೊಟ್ಟ ತಕರಾರು ಬರಲಿಲ್ಲ ಅಂದ್ರೆ ನಿಮ್ಮಪ್ಪ ನಿಮ್ಮಮ್ಮನ ಪಕ್ಕ."

"ಊರವರು ಬಿಡ್ತಾರಾ?"

"ಬಿಡ್ತಾರೆ ಅಂತ ಏನು, ಹೊತ್ತುಕೊಂಡು ಹೋಗ್ತಾರೆ."

"ಏನು ಇದ್ದಕ್ಕಿದ್ದ ಹಾಗೆ ಇಷ್ಟು ಪ್ರೀತಿ?" ಎಂದಳು ಅತ್ತೆ.

ಅಧ್ಯಕ್ಷರು ಮುಚ್ಚಿಡುವ ಜಾಯಮಾನದವರಲ್ಲ. "ಪ್ರೀತಿ ಅಲ್ಲಮ್ಮ. ನಮ್ಮಪ್ಪಂಗೂ ತೊಂಬತ್ತಾಯ್ತು, ಹಳೇ ಸಾಲೇ ಬೇಕು ಅಂತ ಹಟ. ಊರಲ್ಲಿ ಎಲ್ಲರ ಮನೇಲೂ ಒಬ್ಬೊಬ್ಬರು ಹಾಗೇ ಇದಾರೆ. ನಿಯಮ ಮಾಡಿದವನೇ ಮೊದಲು ಮುರಿದ ಅಂತ ಆದ್ರೆ ಇನ್ಯಾರಿಗೆ ಬೇಡ ಅನ್ನೋಕಾಗುತ್ತೆ? ಊರಿಗೂ ಅದೇ ಬೇಕು, ನಿಂಗೂ ಅದೇ ಬೇಕು. ಹಾಲು ಅನ್ನ ಎರಡೂ ಬಡಿಸಿಟ್ಟಿದೀವಿ, ಉಣ್ಣಮ್ಮ."

ಮಗಳು ಪೆಟ್ಟಿಗೆಯ ಕಡೆ ನೋಡಿದಳು. ಆಮೇಲೆ ಹೂಂ ಎಂದಳು.

*

ಐದು ವರ್ಷದ ಹಿಂದೆ ಅಮ್ಮ ಕೊನೆಯ ವಾರದಲ್ಲಿ ಅವಳ ಕೈ ಹಿಡಿದು ಹೇಳಿದ್ದಳು: "ನಿಮ್ಮಪ್ಪನ್ನ ನನ್ನ ಪಕ್ಕದಲ್ಲೇ ಹಾಕಿಸು. ಬದುಕಿದ್ದಾಗಂತೂ ಹೊತ್ತು ಮುಳುಗೋ ತನಕ ಪಂಚಾಯಿತಿ. ಸತ್ತ ಮೇಲಾದ್ರೂ ನನ್ನ ಜೊತೆ ಇರಲಿ. ಅಲ್ಲಿಂದ ಎದ್ದು ಹೋಗೋಕೆ ಆಗಲ್ಲ ಅವರಿಗೆ."

"ಮಾತು ಕೊಡು," ಎಂದಿದ್ದಳು. ಮಗಳು ಕೊಟ್ಟಿದ್ದಳು.

ಎರಡು ವರ್ಷ ಕಳೆದು ಅಪ್ಪ ಹಳೇ ಸಾಲು ಮುಚ್ಚಿಸಿದ. ಇನ್ನು ಮುಂದೆ ಎಲ್ಲರಿಗೂ ಕಾಲುವೆಯಾಚೆ, ಸತ್ತ ಸರದಿಯಲ್ಲೇ ಗುಂಡಿ ಎಂದು ನಿಯಮ ಮಾಡಿದ. ಸುದ್ದಿ ಕೇಳಿ ಅವಳು ಪಟ್ಟಣದಿಂದ ಓಡಿಬಂದಳು. ಅಪ್ಪ ಕಾಗದಗಳಿಂದ ತಲೆ ಎತ್ತಲಿಲ್ಲ.

"ಅಮ್ಮ ಅಲ್ಲಿ ಒಬ್ಬಳೇ ಇರಬೇಕಾ?"

"ಕೆಳಬೀದಿ ಬಾವಿ ಅಲ್ಲಿಂದ ಎಂಬತ್ತು ಅಡಿ. ಮಳೆ ಬಂದ್ರೆ ನೀರು ಯಾವ ಕಡೆ ಇಳಿಯುತ್ತೆ ಅಂತ ನೋಡಿದೀಯಾ? ಹೋದ ಮಳೆಗಾಲದಲ್ಲಿ ಕೆಳಬೀದೀಲಿ ಹದಿನಾಲ್ಕು ಮಕ್ಕಳು ವಾಂತಿಭೇದಿ ಅಂತ ಆಸ್ಪತ್ರೆ ಸೇರಿದ್ವು."

"ಅಮ್ಮಂಗೆ ನಾನು ಏನು ಹೇಳ್ಲಿ?"

ಆತ ಲೇಖನಿ ಕೆಳಗಿಟ್ಟ. "ಕಾಲುವೆಯಾಚೆಯಿಂದ ಅವಳ ಕಲ್ಲು ಕಾಣುತ್ತೆ. ನಾನು ನಿಂತು ನೋಡಿದೀನಿ," ಎಂದ.

"ನೋಡ್ಕೊಂಡೇ ಇರಿ!" ಎಂದು ಅವಳು ಬಾಗಿಲು ದಬ್ಬಿಕೊಂಡು ಹೊರಟಿದ್ದಳು. ಒಂದು ವರ್ಷ ಆ ಮನೆಯ ಹೊಸ್ತಿಲು ತುಳಿದಿರಲಿಲ್ಲ.

*

ಹನ್ನೊಂದು ಗಂಟೆಗೆ ಕಾಗದ ಅಂಟಿತು. ಪಂಚಾಯಿತಿ ಕಟ್ಟಡದ ಮೆಟ್ಟಿಲ ಮೇಲೆ, ಬಾಗಿಲ ಪಕ್ಕದಲ್ಲೇ ಮಗಳು ಕುಳಿತಳು. ಅಂಗಳದಲ್ಲಿ ಜನ ಸೇರಿತು. ಸಾವಿನ ಮನೆಗೆ ಬಾರದವರೆಲ್ಲ ಇಲ್ಲಿಗೆ ಬಂದಿದ್ದರು. ಮೇಸ್ತ್ರಿ ಗುಂಡಿಯಿಂದೆದ್ದು, ಅಂಡಿಗೆ ಮೆತ್ತಿದ ಮಣ್ಣಿನ ಸಮೇತ ಬಂದು, ಒಪ್ಪಿಗೆಯ ಕಾಗದಕ್ಕೆ ಮೊದಲ ರುಜು ಹಾಕಿದ.

"ನಮ್ಮಮ್ಮ ಹಳೇ ಸಾಲಲ್ಲಿ ನಮ್ಮಪ್ಪನ ಪಕ್ಕ ಮಲಗಬೇಕು ಅಂತ ನಾನು ಇವನ ಕಾಲು ಹಿಡಿದಿದ್ದೆ," ಎಂದ, ಎಲ್ಲರಿಗೂ ಕೇಳುವಂತೆ. "ಇದೇ ಮೆಟ್ಟಿಲ ಮೇಲೆ. 'ಆಗಲ್ಲ ಮೇಸ್ತ್ರಿ' ಅಂದ. ಒಂದು ಮಾತು ಹೆಚ್ಚಿಲ್ಲ, ಕಮ್ಮಿ ಇಲ್ಲ. ಈಗ ಅವನ ಮಗಳಿಗೆ ಆಗುತ್ತೆ. ನೋಡ್ಕೊಳ್ಳಿ."

"ನಾನು ಕೇಳಿರಲಿಲ್ಲ. ನೀವೇ ಕೊಟ್ರಿ," ಎಂದಳು ಮಗಳು.

"ಬೇಡ ಅಂದ್ಯಾ?"

ಅವಳು ತಿರುಗಿ ಒಳಗೆ ನೋಡಿದಳು. ಗೋಡೆ ಗಡಿಯಾರ ಕಿಟಕಿಯಿಂದ ಕಾಣುತ್ತಿತ್ತು. ಅಮ್ಮಾ, ಇನ್ನು ಅರ್ಧ ಗಂಟೆ ಎಂದು ಮನಸ್ಸಿನಲ್ಲೇ ಹೇಳಿಕೊಂಡಳು. ಇವರು ಏನಾದರೂ ಬೊಗಳಿಕೊಳ್ಳಲಿ, ನೀನು ಒಬ್ಬಳೇ ಇರುವುದಿಲ್ಲ.

ಹನ್ನೆರಡಕ್ಕೆ ಕಾಲು ಗಂಟೆ ಇರುವಾಗ ಕೆಳಬೀದಿಯ ಇಸ್ತ್ರಿ ಅಂಗಡಿಯವಳು ಬಂದಳು. ಸೆರಗಲ್ಲಿ ಇದ್ದಿಲ ಮಸಿ. ಬಾಗಿಲ ಕಾಗದ ಏನು ಹೇಳುತ್ತದೆಂದು ಒಬ್ಬನನ್ನು ಕೇಳಿದಳು, ಕೇಳಿಸಿಕೊಂಡು ಸೊಂಟದ ಮೇಲೆ ಕೈ ಇಟ್ಟಳು.

"ನಂದು ತಕರಾರಿದೆ."

ಮೇಸ್ತ್ರಿ ತಿರುಗಿದ. "ನಿಂಗೇನು ತಲೆ ಕೆಟ್ಟಿದೆಯಾ? ನಿನ್ನ ಅಂಗಡಿ ಒಡೆಸಿದವನು ಅವನು!"

"ಒಡೆಸಿದ. ಅವನ ಮೇಲೆ ನಂಗೆ ಎಳ್ಳಷ್ಟೂ ಕನಿಕರ ಇಲ್ಲ. ಆದ್ರೆ ಆ ಬಾವಿ ನೀರು ಕುಡಿಯೋದು ನಾನು, ನೀವಲ್ಲ. ನಿಮ್ಮ ಮನೆಗಳಿಗೆಲ್ಲ ನಲ್ಲಿ ಇದೆ. ಇವತ್ತು ಇವನು, ನಾಳೆ ಅಧ್ಯಕ್ಷರ ಅಪ್ಪ, ನಾಡಿದ್ದು ಊರೆಲ್ಲ. ಆ ಸಾಲು ಮುಚ್ಚೋಕೆ ಮುಂಚೆ ನನ್ನ ಮೊಮ್ಮಗು ಆಸ್ಪತ್ರೇಲಿ ಒಂಬತ್ತು ದಿನ ಕಣ್ಣು ಬಿಟ್ಟಿರಲಿಲ್ಲ."

"ಬರೆದು ಕೊಡಮ್ಮ ಹಾಗಾದ್ರೆ," ಎಂದರು ಅಧ್ಯಕ್ಷರು, ಗಡಿಯಾರದತ್ತ ನೋಡುತ್ತಾ. "ಬಾಯಿಮಾತು ನಡೆಯಲ್ಲ. ನಿಯಮ."

"ನಂಗೆ ಬರೆಯೋಕೆ ಬರಲ್ಲ."

"ಅಯ್ಯೋ ಪಾಪ," ಎಂದ ಮೇಸ್ತ್ರಿ.

ಅವಳು ಒಬ್ಬೊಬ್ಬರ ಮುಂದೆಯೂ ನಿಂತಳು. ಒಬ್ಬ ಕನ್ನಡಕ ಮನೆಯಲ್ಲಿದೆ ಎಂದ. ಇನ್ನೊಬ್ಬ ಕೈ ಉಳುಕಿದೆ ಎಂದ. ಅತ್ತೆ, "ನನ್ನನ್ನ ಕೇಳಬೇಡ ತಾಯಿ, ಕತ್ತಲಲ್ಲಿ ಕೂತು ಕೂತು ಕಣ್ಣೇ ಹೋಗಿದೆ," ಎಂದಳು. ಕೊನೆಗೆ ಅವಳು ಮೆಟ್ಟಿಲ ಹತ್ತಿರ ಬಂದು ಮಗಳ ಮುಂದೆ ನಿಂತಳು.

"ನೀನು ಬರೆದುಕೊಡು."

ಮಗಳಿಗೆ ಮೈಯೆಲ್ಲ ಉರಿದುಹೋಯಿತು. "ನಮ್ಮಪ್ಪನ ಹೆಣ ಮನೇಲಿದೆ. ಅವರನ್ನ ಅಮ್ಮನ ಪಕ್ಕ ಹಾಕಬೇಡಿ ಅಂತ ನಾನೇ ಬರೀಬೇಕಾ? ಮನುಷ್ಯಳಾ ನೀನು?"

"ಇನ್ಯಾರ ಹತ್ರ ಹೋಗ್ಲಿ? ನಮಗೆ ಬರೆದುಕೊಡ್ತಿದ್ದೋರು ನಿಮ್ಮಪ್ಪ. ಅವರು ಸತ್ತುಹೋದ್ರಲ್ಲ."

*

ಚರಂಡಿಯ ಮೇಲೆ ನಿಂತಿದ್ದ ಇಸ್ತ್ರಿ ಅಂಗಡಿಯನ್ನು ತೆಗೆಯಬೇಕೆಂದು ಆದೇಶ ಹೊರಡಿಸಿದ್ದು ತಕರಾರಪ್ಪ. ಆ ದಿನವೇ ಅವಳು ಆತನ ಮೇಜಿನ ಮುಂದೆ ನಿಂತು ಬಾಯಿಗೆ ಬಂದಂತೆ ಬೈದಿದ್ದಳು. ಬೈಗುಳ ಮುಗಿಯುವವರೆಗೆ ಆತ ಕಾದು, ಒಂದು ಬಿಳಿ ಹಾಳೆ ಎಳೆದುಕೊಂಡಿದ್ದ.

"ತಕರಾರಿದ್ರೆ ಬರೆದು ಕೊಡಬೇಕು. ಹೇಳು, ಬರ್ಕೊಳ್ತೀನಿ."

"ನಿಮ್ಮ ಮೇಲೇನೇ ತಕರಾರು!"

"ಗೊತ್ತಾಯ್ತು. ಅಂಗಡಿ ಇಟ್ಟು ಎಷ್ಟು ವರ್ಷ ಆಯ್ತು? ಮನೇಲಿ ಎಷ್ಟು ಜನ? ಅಳಬೇಡ, ಹೇಳು. ಇದನ್ನೂ ಸೇರಿಸಬೇಕು, ಇಲ್ಲಾಂದ್ರೆ ಅರ್ಜಿಗೆ ಬಲ ಬರಲ್ಲ."

ಎರಡು ಪುಟ ಬರೆದ. ಓದಿ ಹೇಳಿದ. ಹೆಬ್ಬೆಟ್ಟು ಒತ್ತಿಸಿಕೊಂಡ. ತಿಂಗಳಾದ ಮೇಲೆ ಆ ತಕರಾರನ್ನು ತಳ್ಳಿಹಾಕಿದ ಕಾಗದಕ್ಕೂ ಆತನದೇ ರುಜು ಇತ್ತು.

*

"ಎಷ್ಟು ಚೆನ್ನಾಗಿ ಬರೆದಿದ್ರು ಅಂದ್ರೆ," ಎಂದಳು ಇಸ್ತ್ರಿ ಅಂಗಡಿಯವಳು, "ಓದ್ತಾ ಓದ್ತಾ ಅವರೇ ಎರಡು ಸಲ ಕಣ್ಣೊರೆಸ್ಕೊಂಡ್ರು. ಆದ್ರೂ ಒಡೆಸಿದ್ರು, ಪಾಪಿ."

ಐದು ನಿಮಿಷ ಉಳಿದಿತ್ತು. ಸುಮ್ಮನೆ ಕೂತರೆ ಸಾಕಿತ್ತು. ಅಮ್ಮನಿಗೆ ಕೊಟ್ಟ ಮಾತು ಉಳಿಯುತ್ತಿತ್ತು. ಮೇಸ್ತ್ರಿ ಅವಳನ್ನೇ ನೋಡುತ್ತಿದ್ದ. ಅವನ ಮುಖದಲ್ಲಿ ಆಗಲೇ ಗೆಲುವಿತ್ತು. ಇಡೀ ಅಂಗಳದಲ್ಲಿ ಅಪ್ಪನ ಬಗ್ಗೆ ಒಂದು ಒಳ್ಳೆಯ ಮಾತಾಡುವವರಿರಲಿಲ್ಲ, ಈ ಹೆಂಗಸೂ ಸೇರಿದಂತೆ.

ಮಗಳು ಎದ್ದು ಒಳಗೆ ಹೋಗಿ, ಅಪ್ಪನ ಮೇಜಿನಿಂದ ಹಾಳೆಯನ್ನೂ ಲೇಖನಿಯನ್ನೂ ತಂದಳು. ಮೆಟ್ಟಿಲ ಮೇಲೆ ಮಂಡಿಯೂರಿದಳು.

"ಹೇಳು. ಬೇಗ. ಮೊಮ್ಮಗು ಎಷ್ಟು ದಿನ ಆಸ್ಪತ್ರೇಲಿತ್ತು?"

"ಒಂಬತ್ತು."

"ಮಾಡ್ಬೇಡ!" ಎಂದು ಅತ್ತೆ ಕೂಗಿದಳು. "ನಿಮ್ಮಮ್ಮಂಗೆ ಏನು ಹೇಳ್ತೀಯೇ?"

ಮಗಳು ಅಳುತ್ತಲೇ ಬರೆದಳು, ಅಕ್ಷರ ಸೊಟ್ಟವಾಯಿತು. ಹೆಬ್ಬೆಟ್ಟು ಒತ್ತಿಸಿದಳು. ಬರೆದುಕೊಟ್ಟವರು ಯಾರೆಂದು ಕೆಳಗೆ ನಮೂದಿಸಬೇಕಿತ್ತು. 'ಮೃತರ ಮಗಳು' ಎಂದು ಬರೆದಳು. ಅಧ್ಯಕ್ಷರ ಕೈಗೆ ಕಾಗದ ಕೊಟ್ಟಾಗ ಇನ್ನೂ ಎರಡು ನಿಮಿಷ ಬಾಕಿ ಇತ್ತು.

ಅವರು ಓದಿದರು. "ಅಪ್ಪನಿಗೆ ತಕ್ಕ ಮಗಳು," ಎಂದರು. ಅದು ಹೊಗಳಿಕೆಯಾಗಿರಲಿಲ್ಲ.

*

ಪೆಟ್ಟಿಗೆ ಹೊರಲು ಊರವರು ಯಾರೂ ಬರಲಿಲ್ಲ. ಗುಂಡಿ ತೋಡುವವನು, ಅವನ ತಮ್ಮ, ಮಗಳು, ನಾಲ್ಕನೆಯವಳಾಗಿ ಗೊಣಗುತ್ತಾ ಅತ್ತೆ ಹೆಗಲು ಕೊಟ್ಟರು. ಹನ್ನೆರಡನೇ ಗುಂಡಿ ಮುಚ್ಚುವಷ್ಟರಲ್ಲಿ ಬಿಸಿಲು ಇಳಿದಿತ್ತು. ಇಸ್ತ್ರಿ ಅಂಗಡಿಯವಳು ಬರಲಿಲ್ಲ. ಅವಳಿಗೆ ಕೆಲಸವಿತ್ತು.

ಎಲ್ಲರೂ ಹೋದ ಮೇಲೆ ಮಗಳು ಕಾಲುವೆಯ ದಂಡೆಗೆ ನಡೆದು ಆಚೆ ನೋಡಿದಳು. ಅಮ್ಮನ ಕಲ್ಲು ಕಾಣುತ್ತಿತ್ತು, ಪೂರ್ತಿ ಅಲ್ಲ, ಮೇಲಿನ ಅರ್ಧ. "ಮಾತು ತಪ್ಪಿದೆ ಅಮ್ಮಾ," ಎಂದಳು. "ಕ್ಷಮಿಸು ಅಂತ ಕೇಳೋಕೂ ಮುಖ ಇಲ್ಲ."

ಹಿಂದೆ ಸದ್ದಾಯಿತು. ಮೇಸ್ತ್ರಿ ತಳ್ಳುಗಾಡಿಯಲ್ಲಿ ಇಟ್ಟಿಗೆಯನ್ನೂ ಕಲಸಿದ ಗಾರೆಯನ್ನೂ ತಂದಿದ್ದ. ಅವಳತ್ತ ನೋಡದೆ, ತನ್ನ ತಾಯಿಯ ಗುಂಡಿಗೂ ಹೊಸ ಗುಂಡಿಗೂ ನಡುವೆ ದಾರ ಕಟ್ಟಿ, ಇಟ್ಟಿಗೆ ಜೋಡಿಸತೊಡಗಿದ. ಕೋಪದಲ್ಲಿದ್ದರೂ ಕೈ ಮಾತ್ರ ನೇರವಾಗಿ ನಡೆಯುತ್ತಿತ್ತು. ಒಂದು ವರಸೆ, ಎರಡು, ಮೂರು, ನಾಲ್ಕು.

ಐದನೇ ವರಸೆಯ ಮೊದಲ ಇಟ್ಟಿಗೆಗೆ ಗಾರೆ ಬಳಿಯುವಾಗ ಅವಳು ಬಂದು, ಅಪ್ಪನ ಕಡೆಯ ಮಣ್ಣಿನಲ್ಲಿ ಮಂಡಿಯೂರಿದಳು. ಗೋಡೆಯ ಬುಡದಿಂದ ಮೇಲಕ್ಕೆ ಅಂಗೈ ಬಿಡಿಸಿ ಗೇಣು ಹಾಕಿದಳು. ಒಂದು. ಅದರ ಮೇಲೆ ಇನ್ನೊಂದು. ಎರಡನೇ ಗೇಣು ಗೋಡೆ ದಾಟಿ ಎರಡು ಬೆರಳು ಮೇಲೆ ನಿಂತಿತು.

"ಇಲ್ಲಿ ಎರಡು ಗೇಣು, ಒಂದೂವರೆ ಅಡಿ ತನಕ ಅಪ್ಪಣೆ ಬೇಕಾಗಿಲ್ಲ," ಎಂದಳು. "ಅದನ್ನ ಇಟ್ರೆ ಮೀರುತ್ತೆ."

ಮೇಸ್ತ್ರಿ ಹಲ್ಲು ಕಡಿದ. "ಮೀರಿದ್ರೆ?"

"ಬರೆದು ಕೊಡ್ತೀನಿ."

ಅವನು ಕರಣೆ ಹಿಡಿದು ಅವಳನ್ನು ದುರುಗುಟ್ಟಿಕೊಂಡು ನೋಡಿದ. ಅವಳು ಕೈ ತೆಗೆಯಲಿಲ್ಲ. ಗಾರೆ ಬಳಿದ ಇಟ್ಟಿಗೆ ಅವನ ಅಂಗೈಯಲ್ಲಿ, ಬಿಡಿಸಿದ ಅವಳ ಗೇಣು ಗೋಡೆಯ ತಲೆಯ ಮೇಲೆ, ಇಬ್ಬರೂ ಹಾಗೇ ಉಳಿದರು. ಗಾರೆ ಒಣಗುತ್ತಿತ್ತು.