ಬದುವಿನಾಚೆಯ ದೇಶ

ತೆನೆಗೆ ತೆನೆ ಉಜ್ಜಿದರೆ ಇದೇ ಸದ್ದು, ಹಂಚಿನ ಮೇಲೆ ಸಣ್ಣ ಮಳೆ ಶುರುವಾದ ಹಾಗೆ, ಮೊದಲು ಹೆಬ್ಬೆರಳಿನಿಂದ ಒಂದು ಸಾಲು ಕಾಳು ಕಿತ್ತು ದಾರಿ ಮಾಡಿಕೊಟ್ಟರೆ ಸಾಕು, ಉಳಿದ ಜೋಳವೆಲ್ಲ ತಾನಾಗಿ ಮೊರಕ್ಕೆ ಸುರಿಯುತ್ತದೆ, ಒಂದೆರಡು ಕಾಳು ಅಂಗಳಕ್ಕೆ ಹಾರುತ್ತವೆ, ಆ ಕುಂಟು ಕೋಳಿ ಅದಕ್ಕೇ ಕಾದು ನಿಂತಿದೆ, ತಿನ್ನು ತಾಯಿ, ಕುಂಟಿಕೊಂಡಾದರೂ ಎಲ್ಲರಿಗಿಂತ ಮೊದಲು ಬರುತ್ತೀಯಲ್ಲ — ಒಳಗೆ ಮಗಳು ಮತ್ತೆ ಮೊದಲಿನಿಂದ ಹಿಡಿದಳು, ಮಾನ್ಯರೇ, ನಾನಿಂದು ಎರಡು ಪುಟ್ಟ ದೇಶಗಳ ಅರ್ಥವ್ಯವಸ್ಥೆಯನ್ನು ಹೋಲಿಸಿ ಮಾತನಾಡಲಿದ್ದೇನೆ, ಒಂದು ಸಮುದ್ರದ ನಡುವೆ ಇದೆ, ಇನ್ನೊಂದು ಸಮುದ್ರವನ್ನೇ ಕಂಡಿಲ್ಲ, ಈ ದನಿ ಅವಳಿಗೆ ಎಲ್ಲಿಂದ ಬಂತೋ, ಹಾಲು ಉಕ್ಕುತ್ತೆ ನೋಡೇ ಎಂದರೆ ಹೂಂ ಎನ್ನಲೂ ಸೋಮಾರಿಯಾದವಳು ನಾಳೆ ಕಾಲೇಜಿನಲ್ಲಿ ಮೇಷ್ಟ್ರುಗಳ ಸಾಲಿನ ಮುಂದೆ ನಿಂತು ಮಾತಾಡುತ್ತಾಳಂತೆ, ಅದಕ್ಕೂ ಅಂಕವಂತೆ, ಬೆಳಗಿನಿಂದ ಗೋಡೆಗೆ ಭಾಷಣ, ಗೋಡೆ ಸಾಲದೆ ನನಗೆ, ಅಮ್ಮ ಕೇಳಿಸ್ಕೊತಿದೀಯಾ, ಕೇಳಿಸ್ಕೊತಿದೀನಿ ಕಣೆ, ಕಿವಿಗೇನು ಕೆಲಸ, ಕೈ ತಾನೇ ಜೋಳ ಬಿಡಿಸ್ತಿರೋದು. ಆ ದೇಶಗಳ ಹೆಸರು ಅವಳ ನಾಲಿಗೆಗೆ ಒಗ್ಗಲಿಲ್ಲ, ಬಾಯಿಪಾಠ ಆಗುವವರೆಗೆ ಇರಲಿ ಎಂದು ದ್ವೀಪಕ್ಕೆ ಚಿಕ್ಕಪ್ಪ ಎಂದೂ ಬೆಟ್ಟದ ದೇಶಕ್ಕೆ ಅಮ್ಮ ಎಂದೂ ಇಟ್ಟುಕೊಂಡಳು, ಈಗ ಅದೇ ಅಂಟಿಕೊಂಡು ಒದ್ದಾಡುತ್ತಿದ್ದಾಳೆ, ಚಿಕ್ಕಪ್ಪನ ಮುಖ್ಯ ರಫ್ತು, ಅಯ್ಯೋ, ದ್ವೀಪದ ಮುಖ್ಯ ರಫ್ತು, ಅಮ್ಮನ ತಲಾ ಆದಾಯ ತೀರ ಕಡಿಮೆ, ಅದಂತೂ ನಿಜವೇ, ನನಗೆ ನಗು ಬಂದು ತೆನೆ ಜಾರಿತು, ನಾಳೆ ಅಲ್ಲೂ ಹೀಗೇ ಹೇಳಿಬಿಟ್ಟರೆ ಮೇಷ್ಟ್ರುಗಳು ಮನೆತನದ ವಿಷಯ ಎಂದು ಇನ್ನೂ ಚೆನ್ನಾಗಿ ಕೇಳುತ್ತಾರೆ, ನಗಬೇಡಮ್ಮ, ಇಲ್ಲ ಕಣೆ, ಹೇಳು, ನನ್ನ ಆದಾಯ ಇನ್ನೇನಾಯ್ತು ಹೇಳು.

ದ್ವೀಪದ ಕಥೆ ಕೇಳಿದ ಮೇಲೆ ಮಾತ್ರ ನಗು ತಾನಾಗಿ ನಿಂತಿತು, ಎಷ್ಟೋ ಕಾಲದಿಂದ ಹಕ್ಕಿಗಳು ಬಂದು ಕೂತು ಹಿಕ್ಕೆ ಹಾಕಿದ ನೆಲವಂತೆ, ಅದೇ ಗಟ್ಟಿಯಾಗಿ ಗೊಬ್ಬರದ ಕಲ್ಲಾಗಿತ್ತಂತೆ, ಗೊಬ್ಬರ ಎಂದರೆ ನನಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ, ಹಡಗು ತುಂಬ ತುಂಬಿ ಮಾರಿದರಂತೆ, ಯಾರದೋ ಹೊಲ ಹಸಿರಾಯಿತು, ಇವರ ಕೈಯಲ್ಲಿ ದುಡ್ಡು ಆಡಿತು, ಕಾರು ಬಂತು, ಕೆಲಸ ಮಾಡುವ ಅಭ್ಯಾಸ ಹೋಯಿತು, ಕೊನೆಗೆ ಅಗೆಯಲು ನೆಲವೇ ಮುಗಿದು ನಡುಮಧ್ಯೆ ಬರೀ ಕಲ್ಲುಮೊನೆಗಳು, ಈಗ ತರಕಾರಿ ಹಡಗಿನಲ್ಲಿ ಬರಬೇಕು, ಬಂದರೆ ಬಂತು. ಚಿಕ್ಕಪ್ಪ ಎಂದು ಇವಳು ಸುಮ್ಮನೆ ಇಟ್ಟಿಲ್ಲ, ಕಳ್ಳಿ, ಅರಿತೇ ಇಟ್ಟಿದ್ದಾಳೆ. ಇಲ್ಲಿ ಕೂತರೆ ಕಾಣುತ್ತದೆ, ಬದುವಿನಾಚೆ ನನ್ನ ಮೈದುನನ ಗುಂಡಿ, ನೀರು ತುಂಬಿ ಆಕಾಶ ಹೊತ್ತು ಮಲಗಿದೆ, ಅದು ಹೊಲವಾಗಿತ್ತು, ನಾನು ಈ ಮನೆಗೆ ಬಂದಾಗ ಎರಡೂ ಸೇರಿ ಒಂದೇ ಹೊಲ, ಪಾಲಾದಾಗ ಕೆಳಗಿನದು ಅವನಿಗೆ, ಮೇಲಿನದು ನಮಗೆ, ಕೆಳಗಿನದೇ ಒಳ್ಳೆಯ ಮಣ್ಣು, ಕಪ್ಪು ಜಿಗುಟು, ಬೆರಳಲ್ಲಿ ಹಿಡಿದರೆ ಬೆಣ್ಣೆ, ನಮ್ಮದು ಕೆಂಪು ಗರಸು, ಹಾರೆ ಹಾಕಿದರೆ ಕಿಡಿ ಹಾರುತ್ತಿತ್ತು, ನಮ್ಮ ಮನೆಯವರು ತಮ್ಮ ಚಿಕ್ಕವನು ಎಂದು ಒಪ್ಪಿಬಿಟ್ಟರು, ನನಗೆ ಹೊಟ್ಟೆ ಉರಿಯಿತು, ಉರಿದದ್ದು ಉರಿಯಿತು, ಏನು ಮಾಡುವುದು. ಆಮೇಲೆ ಇಟ್ಟಿಗೆ ಗೂಡಿನವನು ಬಂದ, ಬೀಡಿ ಸೇದುತ್ತ ಬದುವಿನ ಮೇಲೆ ಓಡಾಡಿದ, ಮೈದುನನ ಹೆಗಲ ಮೇಲೆ ಕೈ ಹಾಕಿದ, ಲಾರಿಗಳು ಬಂದವು, ಒಂದಾಳುದ್ದ ಮಣ್ಣು ಹೋಯಿತು, ಇನ್ನೊಂದಾಳುದ್ದ ಹೋಯಿತು, ಆ ಮಣ್ಣು ಊರೂರಿನ ಗೋಡೆಯಾಗಿ ನಿಂತಿದೆ ಈಗ, ಅವನಿಗೂ ತಾರಸಿ ಮನೆಯಾಯಿತು, ಮೋಟರ್ ಸೈಕಲ್ ಆಯಿತು, ಹೊಟ್ಟೆ ಕೊಯ್ದು ಮಾರಿದೆಯಲ್ಲಪ್ಪ ಎಂದೆ ಒಮ್ಮೆ, ಹೊಟ್ಟೆ ಇನ್ನೂ ಇಲ್ಲೇ ಇದೆ ನೋಡಿ ಅತ್ತಿಗೆ ಎಂದು ತನ್ನ ಹೊಟ್ಟೆ ತಟ್ಟಿ ತೋರಿಸಿದ, ಅವನ ಮೇಲೆ ಕೋಪ ಮಾಡಿಕೊಳ್ಳುವುದೇ ಕಷ್ಟ, ಜಗಳಕ್ಕೆ ಎಂದು ಹೋದವರಿಗೆ ಟೀ ಕುಡಿಸಿ ಕಳಿಸುತ್ತಾನೆ. ಗುಂಡಿಯಲ್ಲಿ ಮಳೆನೀರು ನಿಂತಿತು, ಇನ್ನು ಸೊಳ್ಳೆ ಸಾಕಬೇಕು ಎಂದು ಊರೆಲ್ಲ ನಕ್ಕಿತು, ಅವನು ಎಲ್ಲಿಂದಲೋ ಡಬ್ಬದಲ್ಲಿ ಮೀನುಮರಿ ತಂದು ಬಿಟ್ಟ, ಈಗ ಪೇಟೆಯ ಹೋಟೆಲಿನವರು ಬೆಳಗಾಗುವ ಮೊದಲೇ ಬಂದು ಕಾಯುತ್ತಾರೆ, ನಕ್ಕವರೂ ಮೀನಿಗೆ ಬರುತ್ತಾರೆ, ಆ ದ್ವೀಪದವರಿಗೆ ಇಷ್ಟು ಬುದ್ಧಿ ಇರಲಿಲ್ಲವೋ, ಇದ್ದೂ ಗುಂಡಿಯಲ್ಲಿ ನೀರು ನಿಲ್ಲಲಿಲ್ಲವೋ, ಮಗಳನ್ನು ಕೇಳಬೇಕು.

ಮತ್ತೆ ಬೆಟ್ಟದ ದೇಶ, ಅಂದರೆ ನಾನು, ಕೇಳಲು ಹಿತವಾಗಿಯೇ ಇದೆ, ಸ್ವಲ್ಪ ಸ್ವಲ್ಪ ಎಲ್ಲವನ್ನೂ ಬೆಳೆಯುವ ದೇಶ, ಕಾಡು ಕಡಿಯದ ದೇಶ, ಬೆಟ್ಟದಿಂದ ಇಳಿಯುವ ಹೊಳೆಗಳಿಂದ ಕರೆಂಟು ಮಾಡಿ ಪಕ್ಕದ ದೊಡ್ಡ ದೇಶಕ್ಕೆ ಮಾರುತ್ತದಂತೆ, ಮಗಳು ಇಲ್ಲಿ ದನಿ ಏರಿಸುತ್ತಾಳೆ, ಅಗೆದು ಮಾರಿದ್ದು ಮುಗಿಯುತ್ತದೆ ಮಾನ್ಯರೇ, ಹರಿಯುವುದನ್ನು ಮಾರಿದರೆ ನಾಳೆಯೂ ಹರಿಯುತ್ತದೆ, ಚೆನ್ನಾಗಿದೆ ಕಣೆ ಇದು, ಇಲ್ಲಿ ಸ್ವಲ್ಪ ನಿಲ್ಲಿಸಿ ಹೇಳು ಎಂದೆ, ಹೇಳಿದ ಮೇಲೆ ನನಗೇ ಮುಳ್ಳು ಚುಚ್ಚಿದ ಹಾಗಾಯಿತು, ನನ್ನ ಹತ್ತಿರ ಹರಿಯುವುದು ಏನಿದೆ, ನಾಲಿಗೆ ಬಿಟ್ಟರೆ, ನೀರೆಲ್ಲ ಅವನ ಗುಂಡಿಯಲ್ಲಿ, ನಮ್ಮ ಬಾವಿಯ ಪಂಪು ಬೇಸಗೆ ಬಂತೆಂದರೆ ಮುದುಕರ ಹಾಗೆ ಕೆಮ್ಮುತ್ತದೆ, ಹೂಕೋಸು ಬಾಡುವುದನ್ನು ನೋಡಿಕೊಂಡು ಕೂರಬೇಕು, ಮಣ್ಣೊಂದು ಇದೆ, ಮಣ್ಣು ಮಾತ್ರ ನನ್ನದು, ಗರಸನ್ನು ಮಣ್ಣು ಮಾಡಿದವಳು ನಾನು, ಸಗಣಿ, ಬೂದಿ, ತರಗೆಲೆ, ಅಡಿಗೆಮನೆ ಕಸ, ಬುಟ್ಟಿ ಬುಟ್ಟಿ ತಲೆಯ ಮೇಲೆ ಹೊತ್ತು, ಇವಳು ಹೊಟ್ಟೆಯಲ್ಲಿದ್ದಾಗಲೂ ಹೊತ್ತು, ಬಸುರಿ ಹೆಂಗಸು ಸಾಕು ಬಿಡೇ ಎಂದು ಇವರು ಬುಟ್ಟಿ ಕಿತ್ತುಕೊಂಡರೆ ಮೊರದಲ್ಲಿ ಹೊತ್ತು, ಈಗ ಕೊಟ್ಟಿಗೆ ಪಕ್ಕದ ತಾಕಿನಲ್ಲಿ ಕೈ ಇಟ್ಟರೆ ಮಣಿಕಟ್ಟಿನವರೆಗೆ ಇಳಿಯುತ್ತದೆ, ಬೆಚ್ಚಗೆ, ಕರ್ರಗೆ, ಎರೆಹುಳು ಬೆರಳಿಗೆ ಸುತ್ತುತ್ತದೆ. ನಿನ್ನೆ ಸಂಜೆ ಮೈದುನ ಬದುವಿನ ಮೇಲೆ ಬಂದು ನಿಂತ, ಎಂದೂ ಇಲ್ಲದೆ ತಲೆ ಕೆರೆದುಕೊಂಡ, ಅತ್ತಿಗೆ ಒಂದು ಮಾತು, ಒಂದು ಲೋಡು ಮಣ್ಣು ಬೇಕಿತ್ತು ಅತ್ತಿಗೆ, ಏನು, ಮಣ್ಣು ಅತ್ತಿಗೆ, ಮನೆ ಹಿಂದೆ ನಾಲ್ಕು ತರಕಾರಿ ಮಡಿ ಮಾಡಬೇಕು ಅಂತಾಳೆ ನಮ್ಮವಳು, ಅಲ್ಲಿ ಗುದ್ದಲಿ ಹಾಕಿದ್ರೆ ಠಣ್ ಅನ್ನುತ್ತೆ, ಸುಮ್ನೆ ಬೇಡ, ಬೇಸಗೆ ಪೂರ್ತಿ ನಮ್ಮ ಪೈಪು ನಿಮ್ಮ ಹೊಲಕ್ಕೆ ಬಿಡ್ತೀನಿ. ಲಾರಿಗಟ್ಟಲೆ ಮಾರಿದವನು ನನ್ನ ಹತ್ತಿರ ಮಣ್ಣು ಕೇಳುತ್ತಾನೆ, ಅದೂ ಇಡೀ ಊರಿನಲ್ಲಿ ನನ್ನ ಹತ್ತಿರ, ನಾನು ಇವರ ಮುಖ ನೋಡಿದೆ, ಇವರು ಕಾಲು ತೊಳೆಯುತ್ತಿದ್ದವರು ತಲೆ ಎತ್ತಲೂ ಇಲ್ಲ, ಹೊಲ ನನ್ನ ಹೆಸರಲ್ಲಿದೆ, ಮಣ್ಣು ಅವಳದ್ದು, ಅವಳನ್ನೇ ಕೇಳು ಎಂದರು, ನಾಳೆ ಹೇಳ್ತೀನಪ್ಪ ಎಂದೆ, ಅವನು ಆಗಲಿ ಅತ್ತಿಗೆ, ಮಧ್ಯಾಹ್ನ ಟ್ರ್ಯಾಕ್ಟರ್ ತರ್ತೀನಿ, ಇಲ್ಲ ಅಂದ್ರೆ ಖಾಲಿ ತಗೊಂಡು ಹೋಗ್ತೀನಿ, ಬೇಜಾರಿಲ್ಲ ಎಂದ, ಬೇಜಾರಿಲ್ಲ ಎನ್ನುವವನಿಗೆ ಇಲ್ಲ ಎನ್ನುವುದು ಹೇಗೆ, ಹೂಂ ಎನ್ನುವುದಾದರೂ ಹೇಗೆ, ನೀರು ಬೇಕು, ಹೂಕೋಸು ಬದುಕುತ್ತದೆ, ಆದರೆ ಮಣ್ಣು ಕೊಟ್ಟರೆ ನಾಳೆ ಮತ್ತೆ ತಲೆ ಮೇಲೆ ಬುಟ್ಟಿ, ಆಗಿನ ಕುತ್ತಿಗೆ ಈಗ ಇಲ್ಲ, ಮಲಗಿ ಮಗ್ಗುಲು ಬದಲಾಯಿಸುತ್ತ ಉಪಾಯ ಮಾಡಿದೆ, ಮೂಲೆಯಲ್ಲಿ ಇನ್ನೂ ಗರಸಾಗಿಯೇ ಉಳಿದಿರುವ ಜಾಗವಿದೆ, ಅಲ್ಲಿಂದ ತುಂಬಿಸಿದರಾಯಿತು, ಲೋಡು ಲೋಡೇ, ಕೇಳಿದ್ದು ಮಣ್ಣು, ಇಂಥ ಮಣ್ಣು ಎಂದು ಅವನು ಹೇಳಿದನೇ, ಹೀಗೆ ಅಂದುಕೊಂಡ ಮೇಲೆ ಒಳ್ಳೆಯ ನಿದ್ದೆ ಬಂತು.

ಅಕ್ಕಾ, ಎರಡು ಮೂಲಂಗಿ ಕಿತ್ಕೊಳ್ಲಾ, ಬದುವಿನ ಪಕ್ಕದ ಚರಂಡಿಗೆ ಹಾಸಿದ ಹಲಗೆ ದಾಟಿ ಓರಗಿತ್ತಿ ಬಂದಳು, ಮೈದುನನ ಹೆಂಡತಿ, ತರಕಾರಿ ಬೆಳೆಯುವವರ ಮನೆಯಿಂದ ಬಂದವಳು, ಗಂಡನ ಮನೆಗೆ ಬಂದ ವರ್ಷವೇ ಹೊಲ ಲಾರಿ ಹತ್ತಿತು, ಅದರ ಬಗ್ಗೆ ಒಂದು ಮಾತೂ ಆಡಿದವಳಲ್ಲ, ಕಿತ್ಕೋ, ಕೇಳ್ತೀಯಲ್ಲ ಪ್ರತಿ ಸಲ, ಕೊಟ್ಟಿಗೆ ಪಕ್ಕದ ತಾಕಿಗೇ ಹೋದಳು, ಯಾವಾಗಲೂ ಅಲ್ಲಿಗೇ, ನಿನ್ನೆಯ ವಿಷಯ ಅವಳೂ ಎತ್ತಲಿಲ್ಲ ನಾನೂ ಎತ್ತಲಿಲ್ಲ, ಒಳಗಿಂದ ಮಗಳು, ಚಿಕ್ಕಮ್ಮ ಬಂದ್ರಾ, ಚಿಕ್ಕಮ್ಮ ನೀವೇ ಹೇಳಿ, ಕೊನೆಗೆ ಯಾವ ದೇಶ ಗೆದ್ದಿದೆ ಅಂತ ಹೇಳ್ಲಿ, ಗೆಲ್ಲೋಕೆ ಅದೇನು ಓಟದ ಪಂದ್ಯನಾ ಎಂದೆ ನಾನು, ಓರಗಿತ್ತಿ ಬಗ್ಗಿ ಮೂಲಂಗಿ ಕೀಳುತ್ತ, ಅವೆರಡೂ ಪಕ್ಕಪಕ್ಕದಲ್ಲಿ ಇವೆಯೇನೇ ಎಂದು ಕೇಳಿದಳು, ಇಲ್ಲ ಚಿಕ್ಕಮ್ಮ, ಬಲು ದೂರ, ಒಬ್ಬರಿಗೊಬ್ಬರ ಗುರುತೂ ಇಲ್ಲ, ಪಾಪ ಎಂದಳು ಓರಗಿತ್ತಿ, ಅಷ್ಟೇ, ಮೂಲಂಗಿ ಎತ್ತಿಕೊಂಡು ಹೊರಟಳು, ಮಣ್ಣು ಇಲ್ಲೇ ಕೊಡವಿ ಹೋಗೇ, ಸೀರೆಯೆಲ್ಲ ಗಲೀಜಾಗುತ್ತೆ, ಬಾಯಿಗೆ ಬಂದದ್ದು ಹೇಳಿದೆ, ಎಷ್ಟೋ ಸಲ ಹೇಳಿದ್ದೇ, ಎಷ್ಟೋ ಸಲ ಅವಳು ಹೇಳಿದ್ದೇ ಹೇಳಿದಳು, ಮನೇಲಿ ಕೊಡವ್ತೀನಿ ಬಿಡಕ್ಕ, ಗೊಂಚಲನ್ನು ಎದೆಗೆ ಒತ್ತಿ ಹಿಡಿದಿದ್ದಾಳೆ, ಬೇರು ಮೇಲೆ, ಸೊಪ್ಪು ಕೆಳಗೆ, ಸೊಪ್ಪು ಕಿತ್ತರೂ ಬೇರುಸಹಿತ ಕೀಳುತ್ತಾಳೆ, ಕುಡಿ ಮುರಿದುಕೋ ಎಂದರೂ ಬೇರುಸಹಿತ, ಈರುಳ್ಳಿಗೂ ಮಣ್ಣಿನ ಹೆಂಟೆ, ಮೆಂತ್ಯಕ್ಕೂ ಹೆಂಟೆ, ನಾನು ಸೋಮಾರಿ ಅಂದುಕೊಂಡಿದ್ದೆ, ಹಲಗೆ ದಾಟುವಾಗ ಒಂದು ಹೆಂಟೆ ಉದುರಿತು, ಅವಳು ನಿಂತಳು, ಬಗ್ಗಿದಳು, ಅದನ್ನು ಎತ್ತಿ ಸೆರಗಿಗೆ ಹಾಕಿಕೊಂಡಳು. ತೆನೆ ಕೈಯಲ್ಲೇ ಉಳಿಯಿತು. ಅವಳು ತನ್ನ ಹಿತ್ತಲಿಗೆ ಹೋಗಿ ಕೂತಳು, ಅಲ್ಲಿ ಒಡಕು ಬಕೆಟ್ಟು, ಹಳೆಯ ಟಬ್ಬು, ಬಣ್ಣದ ಡಬ್ಬಗಳು ಸಾಲಾಗಿ ಇವೆ, ಒಂದರಲ್ಲಿ ಮೆಣಸಿನ ಗಿಡ, ಒಂದರಲ್ಲಿ ಕೊತ್ತಂಬರಿ, ದಿನಾ ನೋಡುತ್ತೇನೆ, ಆ ಡಬ್ಬಗಳಿಗೆ ಮಣ್ಣು ಎಲ್ಲಿಂದ ಬಂತು ಎಂದು ಒಂದು ದಿನ ಯೋಚಿಸಲಿಲ್ಲ, ಟಬ್ಬಿನ ಅಂಚಿಗೆ ಮೂಲಂಗಿ ತಟ್ಟುತ್ತಿದ್ದಾಳೆ, ಮೆಲ್ಲಗೆ, ತಟ್ಟಿ ತಿರುಗಿಸಿ ತಟ್ಟಿ, ಇಷ್ಟು ವರ್ಷ, ಒಂದೊಂದು ಹಿಡಿ, ನನ್ನ ಕಣ್ಣೆದುರೇ ಗಡಿ ದಾಟಿ ಹೋಗಿದೆ, ಮಗಳ ಭಾಷಣದಲ್ಲಿ ಇದಕ್ಕೆ ಯಾವ ಹೆಸರಿದೆಯೋ, ರಫ್ತೋ, ಕಳ್ಳಸಾಗಣೆಯೋ, ಕೋಪ ಬರಬೇಕಿತ್ತು, ಬರಲಿಲ್ಲ, ನನ್ನ ಮಣ್ಣನ್ನು ನನ್ನ ಹಾಗೇ ನೋಡುವವಳು ಇನ್ನೊಬ್ಬಳು ಇದ್ದಾಳೆ ಈ ಊರಿನಲ್ಲಿ, ಹಲಗೆಯಷ್ಟು ದೂರದಲ್ಲಿ — ಟ್ರ್ಯಾಕ್ಟರ್ ಬಂತು, ದಡಬಡ ಸದ್ದಿಗೆ ಕೋಳಿ ಕುಂಟುತ್ತ ಓಡಿತು, ಮೈದುನ ಇಂಜಿನ್ ನಿಲ್ಲಿಸಿ, ಏನಂತೀರಿ ಅತ್ತಿಗೆ, ಟ್ರ್ಯಾಕ್ಟರ್ ಹೊಲಕ್ಕೆ ಇಳಿಸಬೇಡಪ್ಪ, ನೆಲ ಗಟ್ಟಿಯಾಗುತ್ತೆ, ಆಯ್ತು ಅತ್ತಿಗೆ, ಹಾಗಾದ್ರೆ ಬರ್ತೀನಿ ಎಂದು ಮತ್ತೆ ಹತ್ತಲು ಹೋದ, ಮುಖದಲ್ಲಿ ಬೇಜಾರಿಲ್ಲ, ಇರದ ಹಾಗೆ ಇಟ್ಟುಕೊಂಡಿದ್ದಾನೆ, ಎಲ್ಲಿಗೆ ಹೊರಟೆ, ಬುಟ್ಟಿ ತಗೊಂಡು ಬಾ, ತಲೆ ಮೇಲೆ ಹೊರಬೇಕು ನೀನೇ, ಆಳು ಇಡೋ ಹಾಗಿಲ್ಲ, ಅವನು ಹಲ್ಲು ಬಿಟ್ಟ, ಆ ಮೂಲೆಯಿಂದಲಾ ಅತ್ತಿಗೆ, ಗರಸಿನ ಮೂಲೆ ಅವನಿಗೂ ಗೊತ್ತು, ನಾಲಿಗೆಯ ತುದಿಯಲ್ಲಿ ಹೂಂ ಇತ್ತು, ರಾತ್ರಿ ಮಲಗಿ ಕಟ್ಟಿದ ಹೂಂ, ಅಲ್ಲ, ಕೊಟ್ಟಿಗೆ ಪಕ್ಕದ್ದು ಎಂದೆ, ಅವನ ನಗು ನಿಂತಿತು, ಅದು ನಿಮ್ಮ, ಗೊತ್ತು ನನ್ನದೇ ಅಂತ, ತಗೋ, ಎಷ್ಟು ಬುಟ್ಟಿ ಅತ್ತಿಗೆ, ನನ್ನನ್ನ ಯಾಕೆ ಕೇಳ್ತೀಯ, ಅವಳು ಸಾಕು ಅನ್ನೋವರೆಗೆ ಹೊರು. ಅವನು ಏನೋ ಹೇಳುತ್ತಿದ್ದಾನೆ, ಪೈಪು ಇವತ್ತೇ ತಿರುಗಿಸುತ್ತಾನಂತೆ, ಮಗಳು ಬಾಗಿಲಿಗೆ ಬಂದು ಅಮ್ಮ ಕೊನೆಯ ಸಾಲು ಎನ್ನುತ್ತಿದ್ದಾಳೆ, ಇರೇ, ಇರು, ಸ್ವಲ್ಪ ಇರು, ಅಲ್ಲಿ ಹಿತ್ತಲಿನಲ್ಲಿ ಓರಗಿತ್ತಿಗೆ ಈ ಮಾತು ಯಾವುದೂ ಇನ್ನೂ ಕೇಳಿಸಿಲ್ಲ, ತಟ್ಟುವುದು ಮುಗಿದಿದೆ, ಮೂಲಂಗಿಯನ್ನು ಮುಖದ ಹತ್ತಿರ ಹಿಡಿದಿದ್ದಾಳೆ, ಬೇರಿನ ಎಳೆಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದಾಳೆ, ಉಗುರಿನ ತುದಿಯಿಂದ, ಎಳೆಗಳ ಸಂದಿಯಲ್ಲಿ ಇನ್ನೂ ಒಂದು ಚಿಟಿಕೆ ಮಣ್ಣು, ಕರ್ರಗೆ, ಟಬ್ಬಿನ ಮೇಲೆ ಅವಳ ಬೆರಳು, ಬೇರು, ಆ ಚಿಟಿಕೆ —