ಬಡಿದು ನೋಡಿದ ಹಂಚು

ಖಾನಾಪುರದ ಹಂಚಿನ ಕಾರ್ಖಾನೆಯಲ್ಲಿ ರಾಜಬೀಯ ಕೆಲಸ ಒಂದೇ. ಭಟ್ಟಿಯಿಂದ ಬಂದ ಪ್ರತಿ ಹಂಚನ್ನೂ ಬೆರಳಿನ ಗೆಣ್ಣಿನಿಂದ ಬಡಿದು ನೋಡುವುದು. ಠಣ್ ಎಂದರೆ ಲಾರಿಗೆ, ದಪ್ ಎಂದರೆ ತಿಪ್ಪೆಗೆ.

೧೯೮೧ರ ಏಪ್ರಿಲ್‌ನ ಒಂದು ಬೆಳಿಗ್ಗೆ ಕೂಲಿಯವರ ಮೇಲ್ವಿಚಾರಕ, ಮುಕಾದಮ ತವನಪ್ಪ ಪೇಪರು ಹಿಡಿದುಕೊಂಡು ಓಡಿಬಂದ.

"ರಾಜಬೀ, ಅಮೆರಿಕಾದವ್ರು ಇಬ್ಬರನ್ನ ಆಕಾಶಕ್ಕ ಕಳಿಸ್ಯಾರ. ಆ ವಿಮಾನಕ್ಕ ಹಂಚು ಹಚ್ಯಾರಂತ! ವಾಪಸ್ ಇಳಿಯೂಮುಂದ ಬೆಂಕಿಯಂಥಾ ಝಳ ಹೊಡಿತೈತಿ, ಅದನ್ನ ತಡ್ಯಾಕ."

"ಖರೇನ್ರೀ? ಹಂಚು ಆಕಾಶಕ್ಕ ಹೋತು!" ರಾಜಬೀ ಕುಣಿಯುವುದೊಂದು ಬಾಕಿ. ಭಟ್ಟಿಯ ಝಳ ಅವಳಿಗೆ ಗೊತ್ತಿಲ್ಲದ್ದೇ?

"ಆದ್ರ ಬಾಲದ ಬಾಜೂದು ಕೆಲವು ಉದುರ್ಯಾವಂತ. ಅವರು ಇನ್ನೂ ಇಳದಿಲ್ಲ."

ರಾಜಬೀಯ ಮುಖ ಕೆಂಪೇರಿತು. "ಯಾರ್ರೀ ಅವನ್ನ ಬಡದು ನೋಡಿದ್ದು? ಒಳಗ ಎರಡು ಜೀವ ಅದಾವು!"

ಅಲ್ಲಿಂದ ಮುಂದೆ ಒಂದೊಂದು ಹಂಚನ್ನೂ ಅವಳು ಎರಡೆರಡು ಸಲ ಬಡಿದಳು. ನಂದಗಡದ ಶಾಲೆಯ ಮಾಡಿಗೆ ಹಂಚು ಒಯ್ಯಬೇಕಾದ ಲಾರಿ ಅರ್ಧ ತುಂಬಿ ಸಂಜೆಯವರೆಗೂ ನಿಂತೇ ಇತ್ತು. ತವನಪ್ಪ ಸಿಡಿಮಿಡಿಗೊಂಡ.

"ಇದು ಆಕಾಶಕ್ಕ ಹೊಂಟಿಲ್ಲವ್ವಾ, ನಂದಗಡಕ್ಕ ಹೊಂಟೈತಿ!"

"ಅಲ್ಲಿ ಇರೋರು ಇಬ್ಬರ. ಸಾಲ್ಯಾಗ ಎಷ್ಟು ಹುಡುಗ್ರು ಕುಂದರ್ತಾರ್ರಿ?"

ಅವನು ಲಾರಿಯ ಡ್ರೈವರನನ್ನು ಮನೆಗೆ ಕಳಿಸಿದ.

ಮರುದಿನ ಬೆಳಿಗ್ಗೆ ರೇಡಿಯೋದಲ್ಲಿ ಸುದ್ದಿ ಬಂತು, ಇಬ್ಬರೂ ಸುಖವಾಗಿ ಇಳಿದಿದ್ದರು. ಕಾರ್ಖಾನೆಯೆಲ್ಲ ಹೋ ಎಂದು ಕೂಗಿತು. ರಾಜಬೀ ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು.

ತವನಪ್ಪ ಮಾತ್ರ ಸೀದಾ ಲಾರಿ ಹತ್ತಿದ. ಪೇಪರು ಬರುವ ಮೊದಲೇ, ಅವಳು ಒಂದೇ ಸಲ ಬಡಿದು ತುಂಬಿಸಿದ್ದ ರಾಶಿಯಿಂದ ಒಂದು ಹಂಚು ತೆಗೆದು, ಕಿವಿಯ ಹತ್ತಿರ ಹಿಡಿದು ಬಡಿದ.

ದಪ್.

ಅವನು ರಾಜಬೀಯ ಮುಖ ನೋಡಿದ. ಅವಳಾಗಲೇ ಹಂಚಿಗೆ ಕೈಚಾಚಿ ನಿಂತಿದ್ದಳು. "ಎಲ್ಲಾ ಇಳಸ್ರಿ."